ತುಳಸಿರಾಮ ಮಾಸ್ತರರ ಒಂದೇ ಟವೆಲ್ಲು

ತುಳಸಿರಾಮ ಮಾಸ್ತರರ ಎಡಗಿವಿ ಕಿವಿಯಂತೆ ಕಾಣುತ್ತಿರಲಿಲ್ಲ. ನಾದಿದ ಹಿಟ್ಟಿನಿಂದ ಒಂದು ಚೂರು ಕಿತ್ತು ತಲೆಯ ಬದಿಗೆ ಒತ್ತಿದ ಹಾಗಿತ್ತು. ಹರೆಯದ ಕುಸ್ತಿಗಳು ಬಿಟ್ಟುಹೋದ ಗುರುತು ಅದು. ಹಳಿಯಾಳದಿಂದ ಸಾಂಬ್ರಾಣಿಗೆ ಹೋಗುವ ದಾರಿಯಲ್ಲಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಮೂರು ವರ್ಷದಿಂದ ದೈಹಿಕ ಶಿಕ್ಷಕರಾಗಿದ್ದ ಅವರು, ಹೊಸದಾಗಿ ಬಂದ ಶಿಕ್ಷಕರು ಯಾರಾದರೂ ತಮ್ಮ ಪದವಿಗಳ ಮಾತೆತ್ತಿದರೆ ತಲೆಯನ್ನು ಸ್ವಲ್ಪ ಬಲಕ್ಕೆ ಹೊರಳಿಸಿ ಆ ಕಿವಿಯನ್ನು ಬೆಳಕಿಗೆ ಹಿಡಿಯುತ್ತಿದ್ದರು.

"ನಮ್ಮ ಸರ್ಟಿಫಿಕೇಟ ಇದು. ಕಪಾಟಿನ್ಯಾಗ ಇಡಾಕ ಬರೂದಿಲ್ಲ."

ಶಾಲೆಯ ಹಿಂದೆ ಸೊಸೈಟಿಯವರು ಬಿಟ್ಟುಹೋದ ಗೋದಾಮು ಇತ್ತು. ತಗಡಿನ ಮಾಡು, ಎತ್ತರದಲ್ಲಿ ಎರಡು ಸಣ್ಣ ಕಿಟಕಿ, ಒಂದೇ ಬಾಗಿಲು. ಅದೇ ಅವರ ಗರಡಿ. ನೆಲಕ್ಕೆ ನೀಲಿ ಹಳದಿ ಬಣ್ಣದ ಕುಸ್ತಿ ಮ್ಯಾಟು. ಅದನ್ನು ಕೊಡಿಸಿದ ದಾನಿಗಳ ಹೆಸರು ನಟ್ಟನಡುವೆ ಎಷ್ಟು ದೊಡ್ಡದಾಗಿತ್ತೆಂದರೆ, ಸೋತವರ ಬೆನ್ನು ತಪ್ಪದೆ ಆ ಹೆಸರಿನ ಮೇಲೇ ಬೀಳುತ್ತಿತ್ತು. ಬಾಗಿಲ ಪಕ್ಕದ ಮೊಳೆಯಲ್ಲಿ ಕೆಂಪು ಅಂಚಿನ ಬಿಳಿ ಟವೆಲ್ಲು. ಮೂವತ್ತೊಂದು ಮಕ್ಕಳು, ಬೆವರು ಒರೆಸಿಕೊಳ್ಳಲು ಒಂದೇ ಟವೆಲ್ಲು.

ಇದಕ್ಕೆ ಕಾರಣ ಬಡತನವಿರಬೇಕು ಎಂದುಕೊಂಡವರಿಗೆ ಮಾಸ್ತರರಿಂದ ಇಪ್ಪತ್ತು ನಿಮಿಷದ ಉತ್ತರ ಸಿಗುತ್ತಿತ್ತು. ಅದರಲ್ಲಿ ಹದಿನೆಂಟು ನಿಮಿಷ ಭಾಷಣ, ಎರಡು ನಿಮಿಷ ನಿಜ. ಆ ಎರಡು ನಿಮಿಷದ್ದು ಇಷ್ಟು: ಮುಂಡಗೋಡ ಕಡೆಯ ತಾಂಡಾದಲ್ಲಿ ಹುಟ್ಟಿದ ತುಳಸಿರಾಮ ಹನ್ನೊಂದನೆಯ ವಯಸ್ಸಿನಲ್ಲಿ ಪಕ್ಕದ ಊರಿನ ಗರಡಿಗೆ ಹೋದ. ಕುಸ್ತಿ ಕಲಿಸುವ ವಸ್ತಾದರು ಲಂಬಾಣಿ ಹುಡುಗನನ್ನು ಕಣಕ್ಕೆ ಇಳಿಸಿದರು. ಊರಿನ ದೊಡ್ಡವರ ಮಕ್ಕಳಿಗೆ ಎತ್ತಿ ಒಗೆಯಲು ಒಬ್ಬ ಬೇಕಾಗಿದ್ದ. ತಾಲೀಮು ಮುಗಿದ ಮೇಲೆ ಟವೆಲ್ಲು ಕೈಯಿಂದ ಕೈಗೆ ದಾಟುತ್ತ ಬಂತು. ತುಳಸಿರಾಮನ ಮುಂದೆ ಬಂದಾಗ ಸ್ವಲ್ಪ ತಡೆದು, ಅವನ ತಲೆಯ ಮೇಲಿಂದ ಆಚೆಯವನ ಕೈಗೆ ಹೋಯಿತು.

"ನೀ ನಿನ್ನ ಅಂಗೀಲೆ ಒರಸ್ಕೋಳಪಾ," ಅಂದರು ವಸ್ತಾದರು. ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ಮಳೆ ಬರುತ್ತಿದೆ ಎಂದು ಹೇಳುವ ಹಾಗೆ ಹೇಳಿದರು. ಬೈದಿದ್ದರೆ ಮರೆತುಹೋಗುತ್ತಿತ್ತೋ ಏನೋ. ನಾಲ್ವತ್ತು ವರ್ಷವಾದರೂ ಮಾಸ್ತರರ ಹಾಳಾದ ಕಿವಿಯಲ್ಲಿ ಆ ದನಿ ಸರಿಯಾಗಿಯೇ ಕೇಳಿಸುತ್ತಿತ್ತು.

ಆದ್ದರಿಂದ ತಮ್ಮ ಗರಡಿಯಲ್ಲಿ ಒಂದೇ ಟವೆಲ್ಲು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ತೆಂಗಿನಕಾಯಿ ಒಡೆದು ಹೊಸ ಟವೆಲ್ಲನ್ನು ಮೊಳೆಗೆ ಹಾಕುವುದು ಒಂದು ಸಮಾರಂಭ. ಸಿದ್ದಿ ಹುಡುಗಿ ಒಂದು ತುದಿ ಹಿಡಿಯಬೇಕು, ಲಂಬಾಣಿ ಹುಡುಗ ಇನ್ನೊಂದು, ಮರಾಠರ ಹುಡುಗ ಮೂರನೆಯದು, ಮುಸ್ಲಿಮರ ಹುಡುಗಿ ನಾಲ್ಕನೆಯದು. ನಡುವೆ ಮಾಸ್ತರರು. ಒಂದು ವರ್ಷ ಸ್ಥಳೀಯ ಪತ್ರಿಕೆಯೊಂದು ಈ ಫೋಟೋ ಹಾಕಿತು. ಮಾಸ್ತರರು ಅದನ್ನು ಲ್ಯಾಮಿನೇಷನ್ ಮಾಡಿಸಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಬಸ್ಸಿನಲ್ಲಿ ಪಕ್ಕ ಕೂತವರು ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದರೂ ಸಾಕು, ಅದು ಹೊರಗೆ ಬರುತ್ತಿತ್ತು.

ಈ ವರ್ಷದ ಟವೆಲ್ಲು ಮೊಳೆ ಹತ್ತಿ ಮೂರು ವಾರಕ್ಕೆ ಮಳೆ ಹಿಡಿಯಿತು. ಟವೆಲ್ಲು ಒಣಗುವುದನ್ನು ಬಿಟ್ಟಿತು.

ಮೊದಲ ಕುರು ಎದ್ದದ್ದು ಎಂಟನೆಯ ತರಗತಿಯ ಅಜಯನ ಕುತ್ತಿಗೆಗೆ. ಬಟಾಣಿ ಗಾತ್ರ, ಸುತ್ತ ಕೆಂಪು. ಜೇಡ ಹರಿದಿರಬೇಕು ಎಂದು ಅವನ ಅವ್ವ ಅಂದಳು. ಮಾಸ್ತರರು ತಮ್ಮ ಅಭಿಪ್ರಾಯ ಕೊಟ್ಟರು. ವೈದ್ಯಕೀಯದಲ್ಲಿಯೂ ಅವರಿಗೆ ಅಭಿಪ್ರಾಯಗಳಿದ್ದವು.

"ಎಷ್ಟ ಹಲಸಿನ ತೊಳಿ ತಿಂದಿ ಖರೇ ಹೇಳು."

"ಒಂದ ಎಂಟ ಹತ್ತರೀ ಸರ."

"ಅಂದ್ರ ಇಪ್ಪತ್ತು. ಉಷ್ಣ ಅದು. ಮಜ್ಜಿಗಿ ಕುಡಿ."

ಅಜಯ ಮಜ್ಜಿಗೆ ಕುಡಿದ. ಐದು ದಿನಕ್ಕೆ ರುಬಿನಾಳ ಮೊಣಕೈಯಲ್ಲಿ ಅಂಥದೇ ಒಂದು ಎದ್ದಿತು. ಅವಳಿಗೆ ಹಲಸಿನ ವಾಸನೆಯೇ ಆಗುತ್ತಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಇನ್ನೂ ಮೂವರಿಗೆ ಆಯಿತು. ಮಾಸ್ತರರು ಹಳಿಯಾಳಕ್ಕೆ ಹೋಗಿ ಔಷಧದ ಅಂಗಡಿಯಲ್ಲಿ ಕುರುವಿಗೆ ಅಂತ ಹತ್ತು ಗುಳಿಗೆಯ ಒಂದು ಸ್ಟ್ರಿಪ್ಪು ತಂದರು. ಐದು ಮಕ್ಕಳು, ತಲೆಗೆ ಎರಡು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಗುಳಿಗೆ ಹಂಚಿದ ಆ ಸಂಜೆ ಅವರಿಗೆ ತಮ್ಮ ಬಗ್ಗೆ ಬಹಳ ಸಮಾಧಾನವಾಗಿತ್ತು. ಎರಡು ದಿನ ಕುರುಗಳು ಬಾಡಿದಂತೆ ಕಂಡವು. ಆಮೇಲೆ ಮೊದಲಿಗಿಂತ ದೊಡ್ಡದಾಗಿ ಎದ್ದವು.

ಇದನ್ನು ಸರಿಯಾಗಿ ಗಮನಿಸಿದವಳು ಕ್ರಿಸ್ತಿನಾ. ಹಳಿಯಾಳ ತಾಲೂಕಿನದೇ ಸಿದ್ದಿ ಹಳ್ಳಿಯವಳು. ಶಾಲೆಯ ಹುಡುಗಿಯರ ವಸತಿ ನಿಲಯದಲ್ಲಿ ಅಡುಗೆ ಅವಳದು. ವಾರ್ಡನ್ ಹುದ್ದೆ ಖಾಲಿ ಬಿದ್ದು ನಾಲ್ಕು ವರ್ಷವಾಗಿದ್ದರಿಂದ ಆ ಕೆಲಸವೂ ಅವಳದೇ. ಅವಳು ಒಂದು ಬೆಳಿಗ್ಗೆ ಗರಡಿಯ ಬಾಗಿಲಿಗೆ ಬಂದು ಟವೆಲ್ಲನ್ನು ಎರಡು ಬೆರಳಲ್ಲಿ ಎತ್ತಿ ಮೂಸಿದಳು.

"ಮಾಸ್ತರ್ರ, ಇದನ್ನ ನನಗ ಕೊಡ್ರಿ. ಹಂಡೇದಾಗ ಕುದಿಸಿ ಒಲಿ ಮ್ಯಾಲ ಒಣಗಸ್ತೇನಿ."

"ರವಿವಾರ ನಾನ ಸಬಕಾರ ಹಚ್ಚಿ ತೊಳೀತೇನಿ."

"ರವಿವಾರ ತೊಳದದ್ದು ಮುಂದಿನ ರವಿವಾರದ ತನಕ ಹಸೀನ ಇರ್ತೈತ್ರಿ. ನಾ ಇದರಾಗ ಒಲಿ ಸುತ್ತ ಒರಸಾಕೂ ಒಲ್ಲೆ."

"ಅದು ಬೆವರಿನ ವಾಸನಿ. ದುಡಿಮೀದು."

"ದುಡಿಮಿ ವಾಸನಿ ನನಗ ಗೊತ್ತೈತ್ರಿ," ಎಂದು ಕ್ರಿಸ್ತಿನಾ ಟವೆಲ್ಲನ್ನು ಮೊಳೆಗೆ ಹಾಕಿ, ಬೆರಳುಗಳನ್ನು ಮೈಗೆ ತಾಗಿಸದೆ ದೂರ ಹಿಡಿದುಕೊಂಡು ನಲ್ಲಿಯ ಕಡೆಗೆ ನಡೆದಳು.

ಜುಲೈ ಕೊನೆಗೆ ಶಾಲಾ ಮಕ್ಕಳ ಆರೋಗ್ಯ ತಪಾಸಣೆಗೆ ಡಾಕ್ಟರ್ ನಿರ್ಮಲಾ ಬಂದರು. ಧಾರವಾಡ ಕಡೆಯ ಗಟ್ಟಿ ದನಿಯ ಹೆಣ್ಣುಮಗಳು. ಸಾಮಾನ್ಯವಾಗಿ ಹಲ್ಲು, ಕಣ್ಣು, ತೂಕ ನೋಡಿ ಮಧ್ಯಾಹ್ನಕ್ಕೆ ಹೊರಡುವವರು ಅಂದು ಗರಡಿಯ ಮಕ್ಕಳ ಕುತ್ತಿಗೆ, ಕೈಕಾಲುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಏಳು ಮಕ್ಕಳಿಗೆ ಕುರು ಇತ್ತು. ರುಬಿನಾಳ ಮೊಣಕೈಯ ಕೀವನ್ನು ಹತ್ತಿ ಕಡ್ಡಿಯಲ್ಲಿ ತೆಗೆದು ಪರೀಕ್ಷೆಗೆ ಕಳಿಸಲು ಇಟ್ಟುಕೊಂಡರು. ಗೋದಾಮಿಗೆ ಬಂದು ಮ್ಯಾಟಿನ ಬಿರುಕಿನಲ್ಲಿ ಬೆರಳಿಟ್ಟರು. ಒಳಗಿನ ಸ್ಪಂಜಿನಿಂದ ನೀರು ಒಸರಿತು. ಆಮೇಲೆ ಅವರ ಕಣ್ಣು ಮೊಳೆಯ ಕಡೆಗೆ ಹೋಯಿತು.

"ಇದು ಯಾರದು?"

ಮಾಸ್ತರರು ಕಿಸೆಗೆ ಕೈ ಹಾಕಿದರು. ಡಾಕ್ಟರು ಲ್ಯಾಮಿನೇಷನ್ ಮಾಡಿದ ಫೋಟೋವನ್ನು ಪೂರ್ತಿ ನೋಡಿ ವಾಪಸು ಕೊಟ್ಟರು.

"ಮಾಸ್ತರ್ರ, ಸ್ಟ್ಯಾಫ್ ಅಂತ ಒಂದು ರೋಗಾಣು ಐತಿ. ಎಷ್ಟೋ ಮಂದಿ ಮೂಗಿನ್ಯಾಗ, ಚರ್ಮದ ಮ್ಯಾಲ ಸುಮ್ಮನ ಕುಂತಿರ್ತೈತಿ. ಏನೂ ಮಾಡೂದಿಲ್ಲ. ಒಂದು ಗೀರು ಸಿಕ್ತಂದ್ರ ಒಳಗ ಇಳೀತೈತಿ. ಅದರಾಗ ಒಂದು ಹಟಮಾರಿ ಜಾತಿ ಐತಿ, ನಾವು ಸಾದಾ ಕೊಡೂ ಗುಳಿಗಿಗೆ ಬಗ್ಗೂದಿಲ್ಲ. ಇದು ಅದ ಇರಬಹುದು ಅಂತ ನನಗ ಅನುಮಾನ. ರಿಪೋರ್ಟ್ ಬರೂತನಕ ಕುಸ್ತಿ ಬಂದ್ ಮಾಡ್ರಿ. ಗಾಯ ಎಲ್ಲಾ ಮುಚ್ರಿ. ಹಿಚಕಬ್ಯಾಡ್ರಿ. ಒಂದೊಂದು ಹುಡುಗರಿಗೆ ಬ್ಯಾರೆ ಬ್ಯಾರೆ ಟವೆಲ್."

ಮಾಸ್ತರರು ಮೊದಲಿನ ಮಾತುಗಳನ್ನೆಲ್ಲ ತಲೆ ಆಡಿಸುತ್ತ ಕೇಳಿದರು. ಕೊನೆಯ ಮಾತಿಗೆ ಅವರ ತಲೆ ನಿಂತಿತು.

"ಬ್ಯಾರೆ ಬ್ಯಾರೆ ಅನ್ನೂ ಮಾತು ನನ್ನ ಗರಡ್ಯಾಗ ಆಡಬ್ಯಾಡ್ರಿ, ಡಾಕ್ಟರ್ರ."

"ನಾ ಬಟ್ಟಿ ಬಗ್ಗೆ ಹೇಳಾಕತ್ತೇನಿ."

"ಎಲ್ಲಾರೂ ಬಟ್ಟಿ ಬಗ್ಗೇನ ಹೇಳ್ತಾರ್ರಿ."

ಡಾಕ್ಟರು ಚೀಲದಿಂದ ಪೆನ್ನು ತೆಗೆದರು. ಹೇಳಿದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಮುಖ್ಯೋಪಾಧ್ಯಾಯರಿಗೆ ಒಂದು ಪ್ರತಿ ಕೊಟ್ಟು ಜೀಪು ಹತ್ತಿದರು.

ಮುಖ್ಯೋಪಾಧ್ಯಾಯ ಮಹಾಬಳೇಶ್ವರ ಅವರು ಶಿರಸಿ ಕಡೆಯವರು. ಪುಸ್ತಕದ ಭಾಷೆಯಲ್ಲಿ ಮಾತಾಡುವುದು ಅವರ ಹೆಮ್ಮೆ. ಆಗಸ್ಟ್ ಮೂರನೆಯ ಶನಿವಾರ ಶಾಲೆಯ ಬೆಳ್ಳಿಹಬ್ಬದ ಅಂಗವಾಗಿ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳ ಹದಿನಾಲ್ಕು ಶಾಲೆಗಳ ಕುಸ್ತಿ ಪಂದ್ಯಾವಳಿಯನ್ನು ಅವರೇ ಹೊಂದಿಸಿದ್ದರು. ಬ್ಯಾನರಿನಲ್ಲಿ ಅವರ ಫೋಟೋ ಎಷ್ಟು ದೊಡ್ಡದಿರಬೇಕು ಎಂಬುದನ್ನು ಬಿಟ್ಟು ಉಳಿದೆಲ್ಲ ತೀರ್ಮಾನವಾಗಿತ್ತು. ಅವರು ಡಾಕ್ಟರ ಕಾಗದ ಓದಿ, ಮಡಚಿ, ಕನ್ನಡಕದ ಡಬ್ಬಿಯೊಳಗೆ ಇಟ್ಟರು.

"ತುಳಸಿರಾಮರೇ, ಇದರಲ್ಲಿ 'ಅನುಮಾನ' ಎಂದು ಬರೆದಿದ್ದಾರೆ. ಅನುಮಾನದ ಮೇಲೆ ಬೆಳ್ಳಿಹಬ್ಬ ನಿಲ್ಲಿಸಿದ ಉದಾಹರಣೆ ಉಂಟೋ?"

ಹೀಗೆ ಇಬ್ಬರೂ ತಮ್ಮ ತಮ್ಮ ಕಾರಣಕ್ಕೆ ಡಾಕ್ಟರು ಹೇಳಿದ್ದನ್ನು ಅರ್ಧಂಬರ್ಧ ಮಾಡಿದರು. ಕುರು ಇದ್ದವರನ್ನು ಮನೆಗೆ ಕಳಿಸಿದರು, ಉಳಿದವರ ತಾಲೀಮು ನಡೆಯಿತು. ಮ್ಯಾಟಿಗೆ ಫಿನಾಯಿಲ್ ಹಾಕಿದರು, ಬಿರುಕಿನ ಮೇಲೆ ಟೇಪು ಅಂಟಿಸಿದರು. ಟವೆಲ್ಲಿಗೆ ಎರಡು ಸಲ ಸಾಬೂನು ಬಿತ್ತು. ಮೊಳೆಯಿಂದ ಮಾತ್ರ ಅದು ಕೆಳಗಿಳಿಯಲಿಲ್ಲ. ಅಷ್ಟೇ ಅಲ್ಲ, ಪಂದ್ಯಾವಳಿಯ ಪ್ರಚಾರಕ್ಕೆಂದು ಮಾಸ್ತರರು ಆ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ದಾಂಡೇಲಿಯ ಅಂಬೇವಾಡಿಯ ಒಂದು ಶಾಲೆಗೂ ಜೋಯಿಡಾ ಕಡೆಯ ಎರಡು ಶಾಲೆಗಳಿಗೂ ಹೋಗಿ ಬಂದರು. ಪಟ್ಟುಗಳನ್ನು ತೋರಿಸಿದರು, ಭಾಷಣ ಮಾಡಿದರು, ಕೊನೆಗೆ ಅಲ್ಲಿನ ಮಕ್ಕಳ ಮುಖವನ್ನು ತಾವೇ ಆ ಟವೆಲ್ಲಿನಿಂದ ಒರೆಸಿದರು. ಚಪ್ಪಾಳೆ ಜೋರಾಗಿಯೇ ಬಿತ್ತು.

ಮನೆಗೆ ಕಳಿಸಬೇಕಾದವರ ಪಟ್ಟಿಯಲ್ಲಿ ಇರಬೇಕಾಗಿದ್ದ ಒಂದು ಹೆಸರು ಇರಲಿಲ್ಲ. ಅದು ಕಾಜಲ್‌ಳದು.

ಕಾಜಲ್ ಹತ್ತನೆಯ ತರಗತಿ. ತಾಂಡಾದ ಕೂಲಿಕಾರ ಲಾಲಪ್ಪನ ಮಗಳು. ಗರಡಿಯಲ್ಲಿ ಅವಳಷ್ಟು ಚುರುಕು ಇನ್ನೊಬ್ಬರಿರಲಿಲ್ಲ. ಎದುರಾಳಿಯ ಕಾಲು ಯಾವ ಕಡೆಗೆ ಹೊರಡುತ್ತದೆ ಎಂಬುದು ಆ ಕಾಲಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಪಂದ್ಯಾವಳಿಗೆ ಕ್ರೀಡಾ ವಸತಿ ಶಾಲೆಯ ಕೋಚ್ ಒಬ್ಬರು ಬರುವವರಿದ್ದರು. ಬರುವುದೇ ಅವಳನ್ನು ನೋಡಲಿಕ್ಕೆ ಎಂದು ಮಾಸ್ತರರು ನಾಲ್ಕು ಊರಿಗೆ ಹೇಳಿಕೊಂಡು ಬಂದಿದ್ದರು. ಅವಳ ತೊಡೆಯ ಹಿಂದೆ ಮ್ಯಾಟು ಗೀರಿದ ಜಾಗದಲ್ಲಿ ಕುರು ಎದ್ದು ಆರು ದಿನವಾಗಿತ್ತು. ಹೇಳಿದರೆ ಮನೆಗೆ ಕಳಿಸುತ್ತಾರೆಂದು ಅವಳು ಅದನ್ನು ತಾನೇ ಹಿಸುಕಿ, ಬಟ್ಟೆ ಸುತ್ತಿ, ಉದ್ದ ಪ್ಯಾಂಟು ಹಾಕಿಕೊಂಡು ತಾಲೀಮಿಗೆ ಬರುತ್ತಿದ್ದಳು.

ಅವಳು ಕುಂಟುವುದು ಮಾಸ್ತರರಿಗೆ ಕಂಡಿತು. ಈ ಮಾತನ್ನು ಆಮೇಲೆ ಅವರು ಯಾರಿಂದಲೂ ಮುಚ್ಚಿಡಲಿಲ್ಲ. ಕಂಡಿತು, ಕಂಡು ಕೇಳಿದರು.

"ಯಾಕವ್ವಾ, ಕಾಲ ಎಳಿಯಾಕತ್ತಿ?"

"ಸೆಳಕು ಹಿಡದೈತ್ರಿ ಸರ."

ಸೆಳಕು ಎಂದು ಅವಳು ಅಂದಳು. ಸೆಳಕೇ ಆಗಿರಲಿ ಎಂದು ಅವರು ನಂಬಿದರು. ಇಪ್ಪತ್ತಮೂರು ವರ್ಷದಲ್ಲಿ ಸಾವಿರ ಸೆಳಕು ನೋಡಿದ ಮನುಷ್ಯನಿಗೆ, ಸೆಳಕು ಹಿಡಿದ ಹುಡುಗಿಯ ತುಟಿ ಹಾಗೆ ಒಣಗುವುದಿಲ್ಲ ಎಂಬುದು ತಿಳಿಯದೆ ಇರಲಿಲ್ಲ. ನಾಳೆ ನೋಡೋಣ ಎಂದುಕೊಂಡರು.

ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದ ಕಾಜಲ್ ಮುಂದೆ ನಿಂತವಳ ಭುಜವನ್ನು ಹಿಡಿದುಕೊಂಡಳು. ಆಮೇಲೆ ಮೊಣಕಾಲೂರಿದಳು. ಕ್ರಿಸ್ತಿನಾ ಓಡಿ ಬಂದು ಅವಳ ಹಣೆ ಮುಟ್ಟಿ ಕೈ ತೆಗೆದಳು. ಒಳಗೆ ಮಲಗಿಸಿ ತೊಡೆಯ ಬಟ್ಟೆ ಬಿಚ್ಚಿದವಳು ಬಾಗಿಲಿಗೆ ಬಂದು ಮಾಸ್ತರರಿಗೆ ಕೇಳುವಷ್ಟೇ ಮೆಲ್ಲಗೆ ಹೇಳಿದಳು:

"ನನ್ನ ಅಂಗೈ ಅಗಲ ಐತ್ರಿ. ನಡುವ ಕರ್ರಗ ಆಗೈತಿ. ಗಾಡಿಗೆ ಹೇಳ್ರಿ."

ಆಂಬುಲೆನ್ಸಿಗೆ ಕಾಯುತ್ತಿದ್ದಾಗಲೇ ಡಾಕ್ಟರ್ ನಿರ್ಮಲಾ ಅವರ ಫೋನು ಬಂತು. ರುಬಿನಾಳ ಕೀವಿನ ರಿಪೋರ್ಟ್ ಬಂದಿತ್ತು. ಅದು ಹಟಮಾರಿ ಜಾತಿಯದೇ. ಯಾವ ಯಾವ ಔಷಧ ನಡೆಯುವುದಿಲ್ಲ ಎಂದು ಅವರು ಓದಿದ ಹೆಸರುಗಳಲ್ಲಿ ಒಂದು ಮಾಸ್ತರರಿಗೆ ಪರಿಚಯದ್ದಾಗಿತ್ತು. ತಲೆಗೆ ಎರಡರಂತೆ ಹಂಚಿದ ಗುಳಿಗೆಯ ಸ್ಟ್ರಿಪ್ಪಿನ ಬೆನ್ನ ಮೇಲೆ ಅದೇ ಹೆಸರಿತ್ತು.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಅದೇ ಮಧ್ಯಾಹ್ನ ಕಾಜಲ್‌ಳ ತೊಡೆಯನ್ನು ಕೊಯ್ದು ಕೀವು ತೆಗೆದರು. ಎರಡು ದಿನದ ಮೇಲೆ ಮತ್ತೆ ಕೊಯ್ದರು. ಸೋಂಕು ಎಲುಬಿನ ತನಕ ಇಳಿದಿದೆ, ರಕ್ತಕ್ಕೂ ಸೇರಿದೆ, ಕಾಲಿನ ಮಾತು ಆಮೇಲೆ, ಮೊದಲು ಹುಡುಗಿ ಉಳಿಯಬೇಕು ಎಂದರು ಅಲ್ಲಿನ ಡಾಕ್ಟರು. ಲಾಲಪ್ಪ ವರಾಂಡದಲ್ಲಿ ಗೋಡೆಗೆ ಒರಗಿ ಕೂತಿದ್ದ. ಮಾಸ್ತರರು ಹೋದಾಗ ಎದ್ದು ನಿಲ್ಲಲು ಹೊರಟ. ಮಾಸ್ತರರು ಅವನ ಪಕ್ಕದಲ್ಲಿ ನೆಲಕ್ಕೆ ಕೂತರು.

"ತಾಂಡಾದಾಗ ನಾ ಎಲ್ಲಾರಿಗೂ ಹೇಳಿದ್ದೆ, ಮಾಸ್ತರ," ಅಂದ ಲಾಲಪ್ಪ, ಗೋಡೆಯ ಕಡೆ ನೋಡುತ್ತ. "ಆ ಸಾಲ್ಯಾಗ ಒಂದ ಟವೆಲ್ ಐತಿ, ನಮ್ಮ ಹುಡುಗೀನೂ ಅದರಾಗ ಮುಖ ಒರಸ್ತೈತಿ ಅಂತ. ಅದಕ್ಕ ನಿಮ್ಮ ಸಾಲಿಗೇ ಹಾಕಿದ್ದು."

ಅವನು ಇದನ್ನು ಆರೋಪವೆಂದು ಹೇಳಲಿಲ್ಲ. ಕೃತಜ್ಞತೆಯಿಂದ ಹೇಳಿದ.

ಶುಕ್ರವಾರ ಮಧ್ಯಾಹ್ನ ಅವರು ಊರಿಗೆ ಮರಳಿದಾಗ ಶಾಲೆಯ ಗೇಟಿಗೆ ಬ್ಯಾನರು ಏರಿತ್ತು. ಮಹಾಬಳೇಶ್ವರರ ಫೋಟೋ ಅವರು ಅಂದುಕೊಂಡಷ್ಟೇ ದೊಡ್ಡದಿತ್ತು. ಅವರು ಮಾಸ್ತರರನ್ನು ಒಳಗೆ ಕರೆದು, ಕಾಜಲ್‌ಳಿಗೆ ಶೀಘ್ರ ಗುಣವಾಗಲೆಂದು ಹಾರೈಸುವ ನಾಲ್ಕು ಸಾಲನ್ನು ಸ್ವಾಗತ ಭಾಷಣದಲ್ಲಿ ಸೇರಿಸಿದ್ದನ್ನು ಓದಿ ತೋರಿಸಿದರು.

"ಹುಡುಗಿಗೆ ಏನಾಗಿದೆ ಎಂದು ಕೇಳಿದರೆ ಜ್ವರ ಎನ್ನಿ. ಜ್ವರವೂ ಹೌದಲ್ಲ."

"ಸರ, ಡಾಕ್ಟರ್ರು ಮ್ಯಾಟ ಮ್ಯಾಲ ಯಾರನ್ನೂ ಇಳಸಬ್ಯಾಡ್ರಿ ಅಂದಾರ."

"ಫಿನಾಯಿಲ್ ಹಾಕಿದ್ದೇವಲ್ಲ. ನಾಳೆ ಹದಿನಾಲ್ಕು ಶಾಲೆ, ಇನ್ನೂರು ಮಕ್ಕಳು, ಗಣ್ಯರು. ನೀವೇ ನಿಮ್ಮ ಟವೆಲ್ಲು ಹಿಡಿದು ಕರೆದು ಬಂದದ್ದು."

ಮಾಸ್ತರರು ವಸತಿ ನಿಲಯದ ಹಿತ್ತಲಿಗೆ ಹೋದರು. ಕ್ರಿಸ್ತಿನಾ ದೊಡ್ಡ ಹಂಡೆಯಲ್ಲಿ ಹುಡುಗಿಯರ ಬಟ್ಟೆ ಕುದಿಸುತ್ತಿದ್ದಳು. ಅವರು ಕಟ್ಟೆಯ ಮೇಲೆ ಕೂತರು.

"ಒಬ್ಬೊಬ್ಬರಿಗೆ ಬ್ಯಾರೆ ಕೊಟ್ರ, ನನ್ನ ವಸ್ತಾದ ಗೆದ್ದಂಗ ಆಗ್ತೈತಿ, ಬಾಯಾರ."

ಕ್ರಿಸ್ತಿನಾ ಕೋಲಿನಿಂದ ಬಟ್ಟೆ ತಿರುವುತ್ತ ಹೇಳಿದಳು: "ನಿಮ್ಮನ್ನ ದೂರ ಇಟ್ಟವ್ರು ಇದ್ರು ಖರೇ. ನಮ್ಮ ಸಿದ್ದಿ ಮಂದೀನ ನೋಡಿ ನಿಮ್ಮ ತಾಂಡಾದವ್ರೂ ದೂರ ಸರದವ್ರ ಪೈಕಿ. ಆ ಲೆಕ್ಕ ಇರ್ಲಿ. ನನ್ನ ಗಂಡ ಇನಾಸನ ಜೋಡಿ ನಾ ಇಪ್ಪತ್ತೆರಡು ವರ್ಷ ಸಂಸಾರ ಮಾಡೀನಿ. ಅವನ ಬ್ರಶ್ಶಿಲೆ ನಾ ಒಂದಿನಾನೂ ಹಲ್ಲ ತಿಕ್ಕಿಲ್ಲ. ಅದಕ್ಕ ಅವ ನನಗ ಹೊರಗಿನವ ಆದನೇನು?"

ಮಾಸ್ತರರು ನಗಲಿಲ್ಲ. ಎದ್ದು ಗೋದಾಮಿಗೆ ಹೋಗಿ, ಒಂದು ಪ್ಲಾಸ್ಟಿಕ್ ಚೀಲವನ್ನು ಕೈಗೆ ತೊಟ್ಟುಕೊಂಡು ಟವೆಲ್ಲನ್ನು ಕೆಳಗಿಳಿಸಿದರು. ಅದು ಕೈಗೆ ಬಂದಾಗ ಎಷ್ಟು ಭಾರವಿತ್ತೆಂದರೆ, ಇದನ್ನು ಮಕ್ಕಳ ಮುಖಕ್ಕೆ ಹಿಡಿದದ್ದು ತಾವೇ ಎಂದು ಅವರಿಗೆ ಮೊದಲ ಸಲ ಅಸಹ್ಯವಾಯಿತು. ಕ್ರಿಸ್ತಿನಾಳ ಒಲೆಗೆ ಅದನ್ನು ಹಾಕಿದರು. ಒದ್ದೆ ಬಟ್ಟೆ, ಬೇಗ ಉರಿಯಲಿಲ್ಲ. ಹೊಗೆಯಾಡುತ್ತ ಬಿದ್ದುಕೊಂಡಿತ್ತು.

ಶನಿವಾರ ಬೆಳಿಗ್ಗೆ ಮೊದಲ ಟ್ರ್ಯಾಕ್ಸು ಬಂದಾಗ ಗೇಟು ಮುಚ್ಚಿತ್ತು. ಅದರ ಎದುರು ತುಳಸಿರಾಮ ಮಾಸ್ತರರು ನಿಂತಿದ್ದರು. ಮುಂಡಗೋಡದ ಪಿ.ಟಿ. ಮಾಸ್ತರ ಜ್ಯೋತಿಬಾ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಏನ್ರೀ ವಸ್ತಾದರ, ಗೇಟಿನ್ಯಾಗ ಕುಸ್ತಿ ಇಟ್ಟೀರೇನು?"

"ಹುಡುಗರನ್ನ ಕೆಳಗ ಇಳಸಬ್ಯಾಡ್ರಿ," ಅಂದರು ಮಾಸ್ತರರು. "ನನ್ನ ಗರಡ್ಯಾಗ ಔಷಧಕ್ಕ ಬಗ್ಗದ ಸೋಂಕು ಐತಿ. ಒಂಬತ್ತು ಮಕ್ಕಳಿಗೆ ಹತ್ತೈತಿ. ಒಂದು ಹುಡುಗಿ ಹುಬ್ಬಳ್ಳ್ಯಾಗ ಸಾಯೂಹಂಗ ಬಿದ್ದಾಳ. ನಾ ಒಂದ ಟವೆಲ್ಲಿಲೆ ಎಲ್ಲಾರಿಗೂ ಒರಸಿದ್ದಕ್ಕ ಇಷ್ಟು ಹಬ್ಬೈತಿ."

ಜ್ಯೋತಿಬಾ ತಲೆಯನ್ನು ಒಳಗೆ ಎಳೆದುಕೊಂಡು ಗಾಜು ಏರಿಸಿದರು. ಮಾಸ್ತರರಿಗೆ ಅದರಿಂದ ನೋವಾಗಲಿಲ್ಲ. ಸರಿಯಾಗಿ ಕೇಳಿಸಿದೆ ಎಂಬುದಕ್ಕೆ ಅದೇ ಸಾಕ್ಷಿ. ಎರಡನೆಯ ಗಾಡಿಗೆ ಅದನ್ನೇ ಹೇಳಿದರು. ಮೂರನೆಯದಕ್ಕೂ ಹೇಳಿದರು. ಮಹಾಬಳೇಶ್ವರರು ಹೊಸ ಶಾಲು ಹೊದ್ದು ಓಡಿ ಬಂದು, "ಅವರಿಗೆ ಆರೋಗ್ಯ ಸರಿಯಿಲ್ಲ, ಅವರ ಮಾತು ಕೇಳಬೇಡಿ," ಅಂದರು.

"ಖರೇ ಐತ್ರಿ, ನನಗ ಆರೋಗ್ಯ ಸರಿ ಇಲ್ಲ," ಅಂದರು ಮಾಸ್ತರರು. "ಅದಕ್ಕ ಹತ್ತಿರ ಬರಬ್ಯಾಡ್ರಿ ಅನ್ನಾಕತ್ತೇನಿ."

ಒಂದೊಂದೇ ಗಾಡಿ ತಿರುಗಿ ಹೋಯಿತು. ಕೊನೆಗೆ ಬಂದದ್ದು ಅಂಬೇವಾಡಿಯ ಶಾಲೆಯ ಟೆಂಪೊ. ಅದರ ಮಾಸ್ತರ ಇಳಿದು ಬಂದು ಎಲ್ಲ ಕೇಳಿಸಿಕೊಂಡರು. ಹಿಂದಿನ ಸೀಟಿನಿಂದ ಒಬ್ಬ ಹುಡುಗಿಯನ್ನು ಕರೆದರು. ರೀನಾ ಎಂದು ಅವಳ ಹೆಸರು. ಅವಳು ಗಲ್ಲದ ಮೇಲಿನ ಪಟ್ಟಿಯನ್ನು ಸ್ವಲ್ಪ ಎತ್ತಿ ತೋರಿಸಿದಳು. ಕುರುವಿನ ಸುತ್ತಲಿನ ಕೆಂಪು ಕಣ್ಣಿನ ಕೆಳಗಿನ ತನಕ ಹತ್ತಿತ್ತು.

"ನೀವು ಬಂದು ಹೋದ ವಾರಕ್ಕ ಎದ್ದೈತ್ರಿ. ನಾವು ಮೊಡವಿ ಅಂತ ಬಿಟ್ಟಿದ್ವಿ," ಅಂದರು ಅಂಬೇವಾಡಿಯ ಮಾಸ್ತರರು.

ಮಾಸ್ತರರು ಅವಳ ಹತ್ತಿರ ಹೋಗಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, "ಸೀದಾ ದವಾಖಾನಿಗೆ ಹೋಗ್ರಿ, ನಾ ಡಾಕ್ಟರ್ರಿಗೆ ಫೋನ್ ಮಾಡ್ತೇನಿ. ಮುಖದ ಮ್ಯಾಲಿಂದು, ತಡಾ ಮಾಡಬ್ಯಾಡ್ರಿ," ಅಂದರು. ಆಮೇಲೆ ಜೋಯಿಡಾ ಕಡೆಯ ಆ ಎರಡು ಶಾಲೆಗೆ ಫೋನು ಹಚ್ಚಿದರು. ಒಂದು ಶಾಲೆಯಲ್ಲಿ ಯಾರಿಗೂ ಏನೂ ಇರಲಿಲ್ಲ. ಇನ್ನೊಂದರಲ್ಲಿ ಫೋನು ಎತ್ತಿದವರು, "ಎರಡು ಹುಡುಗರು ವಾರದಿಂದ ಸಾಲಿಗೆ ಬಂದಿಲ್ಲ, ಯಾಕಂತ ಗೊತ್ತಿಲ್ಲ," ಅಂದರು.

ಮುಂದಿನ ವಾರ ಗೋದಾಮಿಗೆ ಬೀಗ ಬಿತ್ತು. ಮ್ಯಾಟನ್ನು ಹೊರಗೆ ಎಸೆದರು. ದಾನಿಗಳಿಗೆ ಬಹಳ ಬೇಜಾರಾಯಿತು ಎಂದು ಸುದ್ದಿ. ಮಾಸ್ತರರಿಗೆ ಕಾರಣ ಕೇಳಿ ನೋಟಿಸು ಬಂತು. ಮುಖ್ಯೋಪಾಧ್ಯಾಯರು ಅದರಲ್ಲಿ ಹದಿನೇಳು ಅಂಶ ಪಟ್ಟಿ ಮಾಡಿದ್ದರು, ತಮ್ಮ ಕನ್ನಡಕದ ಡಬ್ಬಿಯಲ್ಲಿದ್ದ ಕಾಗದ ಅದರಲ್ಲಿ ಸೇರಿರಲಿಲ್ಲ. ಡಾಕ್ಟರ್ ನಿರ್ಮಲಾ ಎಲ್ಲರ ಮೂಗಿನಿಂದ ಹತ್ತಿ ಕಡ್ಡಿಯಲ್ಲಿ ಮಾದರಿ ತೆಗೆದರು. ಮಕ್ಕಳಲ್ಲಿ ನಾಲ್ವರ ಮೂಗಿನಲ್ಲಿ ಅದು ಸಿಕ್ಕಿತು. ಐದನೆಯದು ತುಳಸಿರಾಮ ಮಾಸ್ತರರದು.

"ನನಗ ಒಂದು ಗುಳ್ಳೀನೂ ಎದ್ದಿಲ್ಲಲ್ರೀ," ಅಂದರು ಅವರು.

"ಏಳಬೇಕಂತ ಇಲ್ಲ. ನಿಮ್ಮ ಮೂಗಿನ್ಯಾಗ ಆರಾಮ ಇರ್ತೈತಿ. ಯಾರಿಂದ ಯಾರಿಗೆ ಬಂತು ಅಂತ ಹೇಳಾಕ ಬರೂದಿಲ್ಲ, ಮಾಸ್ತರ್ರ. ನಿಮ್ಮಿಂದ ಅವರಿಗೆ ಬಂದಿರಬಹುದು, ಅವರಿಂದ ನಿಮಗೂ ಬಂದಿರಬಹುದು. ಮುಲಾಮು ಕೊಡ್ತೇನಿ, ಹೇಳಿದಷ್ಟು ದಿನ ಪೂರಾ ಹಚ್ರಿ."

ಹೇಳಿದಷ್ಟು ದಿನ ಪೂರಾ ಹಚ್ಚಿದರು, ಮತ್ತೆ ಪರೀಕ್ಷೆ ಮಾಡಿಸಿ ಇಲ್ಲ ಎಂದಾದ ಮೇಲೆಯೇ ಹುಬ್ಬಳ್ಳಿಯ ಬಸ್ಸು ಹತ್ತಿದರು. ಪಕ್ಕದಲ್ಲಿ ಕೂತವರು ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದರು. ದವಾಖಾನಿಗೆ ಎಂದಷ್ಟೇ ಹೇಳಿದರು.

ಕಾಜಲ್ ಉಳಿದಿದ್ದಳು. ಕಾಲೂ ಉಳಿದಿತ್ತು. ಆದರೆ ಸೂಜಿಯ ಔಷಧ ಇನ್ನೂ ನಾಲ್ಕು ವಾರ, ಆಮೇಲೆ ಗುಳಿಗೆ, ಎಲುಬು ಹೇಗೆ ಕೂಡುತ್ತದೆ ಎಂಬುದನ್ನು ಕಾದು ನೋಡಬೇಕು, ಕುಸ್ತಿಯ ಮಾತು ಈಗ ಬೇಡ ಎಂದಿದ್ದರು. ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ಮಾಸ್ತರರ ಕೈ ತೊಳೆಸಿ, ಮೇಲಂಗಿ, ಕೈಗವಸು ಕೊಟ್ಟರು. ಕಾಜಲ್ ಬಹಳ ಬಡವಾಗಿದ್ದಳು. ಅವರ ಅವತಾರ ನೋಡಿ ಮೊದಲು ನಕ್ಕಳು.

"ಸರ, ಈ ಡ್ರೆಸ್ಸಿನ್ಯಾಗ ನೀವು ಕ್ಷೌರದಂಗಡ್ಯಾಗ ಕುಂತಂಗ ಕಾಣಸ್ತೀರಿ."

ಆಮೇಲೆ ನಗು ನಿಂತಿತು. ಕೇಳಬೇಕೆಂದು ಬಹಳ ದಿ‌ನದಿಂದ ಇಟ್ಟುಕೊಂಡದ್ದನ್ನು ಕೇಳಿದಳು.

"ನಾ ಮುಚ್ಚಿಟ್ಟು ಆಡಿದ್ನಲ್ರೀ. ನಂದು ಯಾರಿಗೂ ಹತ್ತಿಲ್ಲಲ್ಲ?"

ಮಾಸ್ತರರ ಕಿಸೆಯಲ್ಲಿ ಒಂದು ಚೀಟಿ ಇತ್ತು. ಅದರಲ್ಲಿ ಹನ್ನೆರಡು ಹೆಸರಿದ್ದವು. ಕೊನೆಯ ಎರಡು ಜೋಯಿಡಾ ಕಡೆಯ ಹುಡುಗರದು, ಅವರಿಗೂ ಕುರು ಎದ್ದಿದೆ ಎಂದು ಅವರ ಶಾಲೆಯವರು ತಿಳಿಸಿದ್ದೇ ಅಂದು ಬೆಳಿಗ್ಗೆ. ಇಲ್ಲ ಅನ್ನಬಹುದಾಗಿತ್ತು. ಹುಡುಗಿ ಅಷ್ಟಕ್ಕೆ ಕಣ್ಣು ಮುಚ್ಚಿ ಮಲಗುತ್ತಿದ್ದಳು.

"ಹತ್ತೈತವ್ವಾ," ಅಂದರು. "ನಿನ್ನಿಂದ ಅಂತ ಅಲ್ಲ. ನಾ ಕಣ್ಣಿಲೆ ಕಂಡೂ ಸುಮ್ಮನ ಇದ್ದೆ, ಅದಕ್ಕ."

"ಯಾರ ಯಾರಿಗೆ?"

ಅವರು ಚೀಟಿ ನೋಡದೆ ಹೆಸರು ಹೇಳುತ್ತ ಹೋದರು. ಕಾಜಲ್ ಒಂದೊಂದಕ್ಕೂ ಎಲ್ಲಿ ಎದ್ದಿದೆ, ಎಷ್ಟು ದೊಡ್ಡದು ಎಂದು ಕೇಳಿದಳು. ರೀನಾಳ ಗಲ್ಲದ ಮಾತು ಬಂದಾಗ ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿದಳು.

"ಆ ಜೋಯಿಡಾದ ಹುಡುಗರು ದವಾಖಾನಿಗೆ ಹೋಗ್ಯಾರೇನ್ರಿ?"

"ಒಬ್ಬಂವ ಹೋಗ್ಯಾನ. ಇನ್ನೊಬ್ಬನ ಮನಿಯಾಗ ಫೋನ್ ಹತ್ತವಲ್ದು."

"ಮತ್ತ ನೀವು ಇಲ್ಲಿ ಯಾಕ ಕುಂತೀರಿ?" ಅಂದಳು ಕಾಜಲ್. "ಹೋಗಿ ಹೇಳ್ರಿ ಅವಗ. ಬ್ಯಾನಿ ಭಾಳ ಆದ್ರೂ ಹಿಚಕಬ್ಯಾಡ ಅನ್ರಿ. ಹಿಚಕಿದ ದಿನ ಹಗರ ಆಗಿತ್ತು ನನಗ. ಆರಾಮ ಆತು ಅಂತ ತಿಳದಿದ್ದೆ."

ಮಾಸ್ತರರು ಎದ್ದರು. ಕೈಗವಸು ಕಳಚಿ, ಮೊಣಕೈ ತನಕ ಸಾಬೂನು ಹಚ್ಚಿ ತೊಳೆದು, ಕೈಗಳನ್ನು ಗಾಳಿಗೆ ಹಿಡಿದೇ ಒಣಗಿಸಿಕೊಂಡರು. ಜೋಯಿಡಾಕ್ಕೆ ಹೋಗಬೇಕೆಂದರೆ ದಾಂಡೇಲಿಯಲ್ಲಿ ಬಸ್ಸು ಬದಲಿಸಬೇಕು. ಆ ಹುಡುಗನ ಮನೆ ಸೂಪಾ ಅಣೆಕಟ್ಟಿನಿಂದಲೂ ಒಳಗೆ, ಕಾಡಿನ ದಾರಿ. ನಿಲ್ದಾಣಕ್ಕೆ ನಡೆಯುತ್ತ ಇನ್ನೊಮ್ಮೆ ಫೋನು ಹಚ್ಚಿದರು. ಗಂಟೆ ಹೋಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ.